ಹನ್ನೊಂದು ಆಮೆನ್

ಮೂಡುಬಿದಿರೆ
ನವೆಂಬರ್ ೧೮

ಪ್ರೀತಿಯ ಸುಗಂಧಿ ಅಕ್ಕನಿಗೆ, ಬೆಳ್ತಂಗಡಿಯವರೆಗೆ ಕೇಳುವಷ್ಟು ಗಟ್ಟಿಯಾಗಿ ಒಂದು ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ತೀರಿಕೊಂಡಿಲ್ಲ. ನೀನು ಫೋನು ಎತ್ತುತ್ತಿಲ್ಲ, ಕುಟುಂಬದ ಗ್ರೂಪ್ ಬಿಟ್ಟಿದ್ದೀಯ. ಹಾಗಾಗಿ ನನಗೆ ಉಳಿದದ್ದು ಅಂಚೆ ಒಂದೇ. ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನಿಗೆ ಈ ಪತ್ರದ ಮೊದಲ ವಾಕ್ಯ ಕೂಡಿಬರುವಷ್ಟರಲ್ಲಿ ಮೂರು ಹಾಳೆ ಹಾಳಾದವು. ಹಾಳೆಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ.

ವಿಷಯಕ್ಕೆ ಬರುತ್ತೇನೆ. ಆರನೇ ತಾರೀಕು ಬೆಳಿಗ್ಗೆ ನೀನು ಗ್ರೂಪಿಗೆ ಕಳಿಸಿದ ಧ್ವನಿಸಂದೇಶವನ್ನು ನಾನು ಕೇಳಿದ್ದು ಹದಿನಾಲ್ಕಕ್ಕೆ. ಆದರೆ ‘ಆಮೆನ್’ ಹಾಕಿದ್ದು ಆರಕ್ಕೇ, ನೀನು ಕಳಿಸಿದ ಒಂದು ನಿಮಿಷದೊಳಗೆ. ಸಂದೇಶ ಇದ್ದದ್ದು ಐದು ನಿಮಿಷ. ನನ್ನ ಬಂಡವಾಳ ನಿನಗೆ ಆಗಲೇ ಗೊತ್ತಾಗಿರಬೇಕು.

ಅಪ್ಪ ಇದ್ದಾಗ ಸಂಜೆ ಏಳಕ್ಕೆ ಚಾಪೆ ಹಾಸಿ, ಸಂಗೀತ ಪುಸ್ತಕದಿಂದ ಒಂದು ಕೀರ್ತನೆ ಹಾಡಿ, ಸತ್ಯವೇದದಿಂದ ಒಬ್ಬೊಬ್ಬರು ಎರಡೆರಡು ವಚನ ಓದಿ, ಮೊಣಕಾಲೂರಿ ಎದ್ದ ಮೇಲೆಯೇ ಗಂಜಿ. ಈಗ ನಾವು ಮಾಣಿಗೊಬ್ಬರು, ಬಂಟ್ವಾಳಕ್ಕೊಬ್ಬರು, ದುಬೈಗಿಬ್ಬರು. ಅಭ್ಯಾಸ ತಪ್ಪಿಹೋಗಬಾರದೆಂದು ನೀನು ದಿನಾ ಒಂದು ಅಧ್ಯಾಯ ಓದಿ, ಪ್ರಾರ್ಥನೆ ಸೇರಿಸಿ ಕಳಿಸತೊಡಗಿದೆ. ನಾವು ಕೇಳಿ ಆಮೆನ್ ಹಾಕಬೇಕು ಎಂದು ಒಪ್ಪಂದ. ಎಂಟು ತಿಂಗಳ ಹಿಂದೆ ಭಾವ ಹಾಸಿಗೆ ಹಿಡಿದರು. ಆಮೇಲೂ ಅವರನ್ನು ಮಗ್ಗುಲು ತಿರುಗಿಸಿ, ಮೈ ಒರೆಸಿ, ಬಟ್ಟೆ ಬದಲಿಸಿ ನೀನು ಓದುತ್ತಲೇ ಇದ್ದೆ. ನಾವೋ, ಓದುವುದು ಬಿಟ್ಟು ಓಡುವುದು ಕಲಿತವರು. ಅಪ್ಪನ ಪ್ರಾರ್ಥನೆಗೆ ಮೊಣಕಾಲು ಬೇಕಿತ್ತು, ನಮ್ಮದಕ್ಕೆ ಹೆಬ್ಬೆರಳು ಸಾಕಾಯಿತು.

ಹಾಗಿದ್ದವನು ಹದಿನಾಲ್ಕಕ್ಕೆ ಯಾಕೆ ಕೇಳಿದೆ ಎಂದರೆ, ನಮ್ಮ ಚರ್ಚಿನ ಸಭಾಪಾಲಕರು ಭಾನುವಾರ ಯುವಜನರಿಗೆ ಒಂದು ಮಾತು ಹೇಳಲು ಕರೆದಿದ್ದರು. ವಿಷಯ, ದಿನನಿತ್ಯದ ಬದುಕಿನಲ್ಲಿ ಪ್ರಾರ್ಥನೆ ಮತ್ತು ಓದಿನ ಅಭ್ಯಾಸ. ನಗಬೇಡ. ನನ್ನ ಹತ್ತಿರ ಸರಕು ಇರಲಿಲ್ಲ, ನಿನ್ನ ಸಂದೇಶಗಳಿಂದ ನಾಲ್ಕು ವಾಕ್ಯ ಎತ್ತಿಕೊಳ್ಳುವ ಎಂದು ಹೊರಟೆ. ಆ ದಿನ ಶಿರ್ತಾಡಿ ಕಡೆಯಿಂದ ಸಹೋದ್ಯೋಗಿ ಶಶಿರಾಜ್ ಕಾರಿನಲ್ಲಿ ಬರುತ್ತಿದ್ದೆ. ಅವರು ಜೈನರು, ಬಸದಿಗೆ ಹೋಗದೆ ಕಾಲೇಜಿಗೆ ಬರುವವರಲ್ಲ. ತಾವೂ ಕೇಳುವುದಾಗಿ ಹೇಳಿ, ನಿನ್ನ ಕೊನೆಯ ಸಂದೇಶವನ್ನು ಕಾರಿನ ಸ್ಪೀಕರಿಗೆ ಹಾಕಿಸಿದರು.

ನೀನು ಹೇಳಿದ್ದು ನನಗೆ ಈಗ ಬಾಯಿಪಾಠ. “ಇವತ್ತು ಅಧ್ಯಾಯ ಇಲ್ಲ. ಎರಡು ತಿಂಗಳಿಂದ ನನಗೆ ಪ್ರಾರ್ಥನೆ ಬರುವುದಿಲ್ಲ. ಓದ್ತೇನೆ, ಬರೀ ಶಬ್ದ. ತುಂಬ ಬಚ್ಚಿದೆ, ಮೈಯೂ ಮನಸ್ಸೂ ಸೋತಿದೆ. ಒಂದು ವಾರ ನಿಮ್ಮಲ್ಲಿ ಯಾರಾದರೂ ಓದಿ. ನಾನು ಕೇಳಿಕೊಂಡು ಕೂತುಕೊಳ್ತೇನೆ.” ಅಷ್ಟೆ. ಉಳಿದ ನಾಲ್ಕು ನಿಮಿಷ ಫ್ಯಾನಿನ ಸದ್ದು, ಭಾವನ ಕೆಮ್ಮು.

ಶಶಿರಾಜ್ ಕಾರು ಬದಿಗೆ ನಿಲ್ಲಿಸಿದರು. “ಇದಕ್ಕೆ ನೀವು ಏನು ಹೇಳಿದ್ರಿ ಸಾರ್?”

“ಆಮೆನ್.”

“ಹಾಗೆಂದರೆ?”

“ಹಾಗೆಯೇ ಆಗಲಿ.”

ಅವರು ಕಾರು ಹೊರಡಿಸಿದರು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಇಳಿಸಿದರು.

ಮನೆಗೆ ಬಂದು ನೋಡಿದರೆ ನಿನ್ನ ಸಂದೇಶದ ಕೆಳಗೆ ಹನ್ನೊಂದು ಆಮೆನ್, ಏಳು ಜೋಡಿ ಮುಗಿದ ಕೈ. ದುಬೈಯಿಂದ ಒಂದು ಗುಲಾಬಿ ಹೂವು. ಮೂರು ದಿನ ಕಾದು ನೀನು ಗ್ರೂಪ್ ಬಿಟ್ಟಾಗ ಮಾಣಿಯ ವಿಮಲ ಕೇಳಿದ್ದು ಒಂದೇ, ಸುಗಂಧಿ ಹೊಸ ಫೋನು ತಗೊಂಡಳಾ ಎಂದು.

ಸಮಾಧಾನದ ಮಾತು ನನಗೆ ಬರುವುದಿಲ್ಲ. ಬಂದರೂ ಅದು ತಮಾಷೆಯಾಗಿ ಹೊರಬೀಳುತ್ತದೆ, ನೀನು ಬಲ್ಲೆ. ಅದಕ್ಕೆ ಒಂದು ವಾರ ರಜೆ ಹಾಕಿದ್ದೇನೆ. ಶನಿವಾರ ಬರುತ್ತೇನೆ. ಭಾವನನ್ನು ತಿರುಗಿಸುವುದು, ಒರೆಸುವುದು ನಾನು ಮಾಡುತ್ತೇನೆ, ಅಧ್ಯಾಯವನ್ನೂ ನಾನೇ ಓದುತ್ತೇನೆ. ನೀನು ಮಲಗಿಕೊಂಡೇ ಕೇಳು. ನಿದ್ದೆ ಬಂದರೆ ಅದೂ ಬೇಡ. ನಾನು ಸುಧಾರಿಸಿದ್ದೇನೆ ಎಂದುಕೊಳ್ಳಬೇಡ. ಕಳೆದ ನಾಲ್ಕು ಬೆಳಗಿನಲ್ಲಿ ಓದಲು ಎದ್ದದ್ದು ಎರಡೇ ಸಲ, ಅದರಲ್ಲಿ ಒಂದು ಸಲ ತೂಕಡಿಸಿದೆ. ನೀನು ಬಾಗಿಲು ತೆಗೆಯದಿದ್ದರೆ ಜಗಲಿಯಲ್ಲಿ ಕೂತು ಓದುತ್ತೇನೆ, ಪಕ್ಕದ ಮನೆಯ ಜುಲೈಕಾ ಆದರೂ ಕೇಳಿಯಾರು.

ಆದರೆ ತೆಗೆ ಅಕ್ಕ.

ಭಾನುವಾರದ ಭಾಷಣದ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಭಾವನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ತಮ್ಮ,
ಜೀವನ್

ತಾ.ಕ.: ಬರೆಯುವಂಥದ್ದು ಉಂಟು. ಬೇರೆಯವರಿಂದ ನಿನಗೆ ಗೊತ್ತಾಗುವ ಮೊದಲು ನಾನೇ ಹೇಳಿಬಿಡುತ್ತೇನೆ. ಭಾಷಣ ಮಾಡಿದೆ. ಚಪ್ಪಾಳೆಯೂ ಬಿತ್ತು. ನಡುವೆ ಸರಕು ಮುಗಿದಾಗ ನಿನ್ನನ್ನೇ ಉದಾಹರಣೆ ಕೊಟ್ಟೆ: “ನನ್ನ ಅಕ್ಕ ಇದ್ದಾರೆ, ಎಂಥ ಕಷ್ಟದಲ್ಲೂ ಅವರ ಪ್ರಾರ್ಥನೆ ಒಂದು ದಿನ ನಿಂತದ್ದಿಲ್ಲ.” ಎಲ್ಲ ಗೊತ್ತಿದ್ದೇ ಹೇಳಿದೆ. ಮುಗಿದ ಮೇಲೆ ಒಬ್ಬ ಹೆಂಗಸು ಹಿಂದಿನಿಂದ ಬಂದರು. ಒಂದು ವರ್ಷದಿಂದ ಅವರಿಗೆ ಪ್ರಾರ್ಥನೆ ಬರುತ್ತಿಲ್ಲವಂತೆ, ಮನೆಯಲ್ಲಿ ಯಾರಿಗೂ ಹೇಳಿಲ್ಲವಂತೆ, ನಿನ್ನಂಥವರ ಹತ್ತಿರ ಒಮ್ಮೆ ಮಾತಾಡಬೇಕಂತೆ. ನಿನ್ನ ನಂಬರು ಕೊಟ್ಟಿದ್ದೇನೆ. ನನ್ನದು ಎತ್ತಬೇಡ, ಅವರ ಫೋನು ಎತ್ತು. ನಿನ್ನ ತಮ್ಮ ಹೇಳಿದ್ದು ಸುಳ್ಳು ಎಂದು ಅವರಿಗೆ ಹೇಳು.