ಮೆಟ್ಟಿಲು ಎಡಗಡೆಗಿರಬೇಕೆಂದು ಆಜ್ಞೆ ಹೊರಡಿಸಿದವರಿಗೆ

ಮಾನ್ಯ ಪುರಾತನ ಕಟ್ಟಡಗಳ ಸಂರಕ್ಷಣಾಧಿಕಾರಿಗಳೇ,

ನಮ್ಮ ಮನೆಯ ಮೆಟ್ಟಿಲು ಬಲಗಡೆಗಿದೆ. ಕಟ್ಟಿದಾಗಿನಿಂದ ಬಲಗಡೆಗೇ ಇದೆ. ಅದನ್ನು ತೊಂಬತ್ತು ದಿನಗಳೊಳಗೆ ಕೆಡವಿ, ‘ಮೂಲ ಸ್ವರೂಪದಂತೆ’ ಎಡಗಡೆಗೆ ಕಟ್ಟತಕ್ಕದ್ದು ಎಂಬ ತಮ್ಮ ನೋಟೀಸು ಇನ್ನೂ ನಮ್ಮ ಗೋಡೆಗೆ ಅಂಟಿಕೊಂಡಿದೆ. ಹಿಂದಕ್ಕೆ ಪಡೆಯುತ್ತೇನೆ ಎಂದು ತಾವು ಬಾಯಲ್ಲಿ ಹೇಳಿ ಇಪ್ಪತ್ತಾರು ದಿನವಾಯಿತು. ತಮ್ಮ ಕಚೇರಿಯಲ್ಲಿ ಆ ಮಂಗಳವಾರ ಏನಾಯಿತೆಂದು ಪೇಟೆಯ ಅರ್ಧ ಜನಕ್ಕೆ ಆಗಲೇ ಗೊತ್ತು. ಉಳಿದರ್ಧಕ್ಕೆ ಅನ್ಯಾಯವಾಗಬಾರದೆಂದು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಸಿಟ್ಟಿನಿಂದಲೇ ಬರೆಯಬೇಕೆಂದು ಕುಳಿತೆ. ಆದರೆ ಎರಡು ಸಾಲಿಗೊಮ್ಮೆ ನಗು ಉಕ್ಕಿ ಬಂದು ಪೆನ್ನು ಕೆಳಗಿಡಬೇಕಾಗಿದೆ. ಕಾಗದದ ಮೇಲೆ ಅಲ್ಲಲ್ಲಿ ಶಾಯಿ ಹರಡಿದ್ದರೆ ಅದು ಕಣ್ಣೀರೆಂದು ಭಾವಿಸಿ ಮರುಗಬೇಡಿ.

ನಮ್ಮದು ಒಂದೇ ಅಚ್ಚಿನ ನಾಲ್ಕು ಮನೆಗಳ ಸಾಲು. ಒಬ್ಬ ಮರದ ವ್ಯಾಪಾರಿ ತನ್ನ ನಾಲ್ವರು ಹೆಣ್ಣುಮಕ್ಕಳಿಗೆ, ಯಾರಿಗೂ ಹೆಚ್ಚಿಲ್ಲ ಯಾರಿಗೂ ಕಡಿಮೆಯಿಲ್ಲ ಎಂಬಂತೆ ಕಟ್ಟಿಸಿದ್ದಂತೆ. ಕೆಳಗೆ ಅಂಗಡಿ, ಮೇಲೆ ಮನೆ, ಮೇಲಕ್ಕೆ ಹೋಗಲು ಹೊರಗಿನಿಂದ ಹದಿಮೂರು ಕಲ್ಲಿನ ಮೆಟ್ಟಿಲು. ಮೊದಲನೆಯದು ನನ್ನದು; ನಾನು ದರ್ಜಿ. ಕೆಳಗೆ ಅಂಗಡಿಯಿದ್ದರೂ ಬಟ್ಟೆ ಕತ್ತರಿಸುವುದು ಮೇಲೆ, ಎಡಗಡೆಯ ಕಿಟಕಿಯ ಪಕ್ಕ. ಬೆಳಗಿನ ಬಿಸಿಲು ಬೀಳುವುದು ಅಲ್ಲೇ. ಕಪ್ಪು ಬಟ್ಟೆಯ ಮೇಲೆ ಕಪ್ಪು ನೂಲು ಕಾಣುವ ಜಾಗ ಇಡೀ ಮನೆಯಲ್ಲಿ ಅದೊಂದೇ. ನನಗಿಂತ ಮುಂಚೆ ನನ್ನ ಅಮ್ಮ ಅಲ್ಲಿ ನಿಂತು ಕತ್ತರಿಸಿದಳು, ಅವಳಿಗಿಂತ ಮುಂಚೆ ಅಜ್ಜಿ, ಎಲ್ಲರಿಗಿಂತ ಮುಂಚೆ ತಾತ. ತಮ್ಮ ನೋಟೀಸಿನ ಪ್ರಕಾರ ಆ ಕಿಟಕಿಯನ್ನು ಮುಚ್ಚಿಕೊಂಡು ಕಲ್ಲಿನ ಮೆಟ್ಟಿಲು ಎದ್ದು ನಿಲ್ಲಬೇಕು. ಯಾಕೆ? ತಮ್ಮ ಇಲಾಖೆಗೆ ಯಾವುದೋ ಅಟ್ಟದ ಪೆಟ್ಟಿಗೆಯಲ್ಲಿ, ಎಂಬತ್ತನಾಲ್ಕು ವರ್ಷ ಹಳೆಯ ಗಾಜಿನ ಫಲಕದಲ್ಲಿ, ನಮ್ಮ ಸಾಲಿನ ಫೋಟೋ ಸಿಕ್ಕಿತು. ಅದರಲ್ಲಿ ನಾಲ್ಕೂ ಮನೆಗಳ ಮೆಟ್ಟಿಲು ಎಡಗಡೆಗಿತ್ತು. ಅಂದಮೇಲೆ ನಾವು ನಾಲ್ಕೂ ಮನೆಯವರು ಒಟ್ಟಾಗಿ, ಯಾರಿಗೂ ತಿಳಿಯದಂತೆ, ಐವತ್ತೆರಡು ಮೆಟ್ಟಿಲುಗಳನ್ನು ಹೊತ್ತು ಆ ಕಡೆಯಿಂದ ಈ ಕಡೆಗೆ ಇಟ್ಟುಕೊಂಡಿದ್ದೇವೆ! ಎಂಥ ಒಗ್ಗಟ್ಟು! ನೀರಿನ ಕೊಳಾಯಿ ರಿಪೇರಿಗೇ ನಾವು ನಾಲ್ವರೂ ಇಂದಿನವರೆಗೆ ಒಂದು ಮಾತಿಗೆ ಬಂದವರಲ್ಲ ಸ್ವಾಮಿ.

ಎರಡನೇ ಮನೆಯ ಬೇಕರಿಯವರು ಸಾಧು ಮನುಷ್ಯ. ನೋಟೀಸು ಬಂದ ಹನ್ನೊಂದನೇ ದಿನಕ್ಕೇ ಮೆಟ್ಟಿಲು ಕೆಡವಿಸಿದರು. “ಯಾಕಣ್ಣ ಇಷ್ಟು ಅವಸರ?” ಅಂದೆ. “ಸರ್ಕಾರದೋರು ಕಾಗದ ಕಳಿಸಿದ ಮೇಲೆ ಮುಗೀತಲ್ಲಮ್ಮ. ನಂಗೆ ರಾತ್ರಿ ನಿದ್ದೆ ಬರಬೇಕು,” ಅಂದರು. ಎಡಗಡೆಗೆ ಹೊಸ ಮೆಟ್ಟಿಲು ಬಂತು. ಅಂದವಾಗಿಯೇ ಬಂತು. ಹದಿಮೂರೂ ಮೆಟ್ಟಿಲು ಹತ್ತಿ ಮೇಲೆ ಹೋದರೆ ಅಲ್ಲೊಂದು ಕಿಟಕಿ. ಮಹಡಿಯ ಬಾಗಿಲನ್ನು ಬಲದಿಂದ ಎಡಕ್ಕೆ ಸರಿಸುವುದು ತಮ್ಮ ವಿಭಾಗದ ಕೆಲಸವಲ್ಲವಂತೆ. ಅದರ ಅರ್ಜಿ ಇನ್ನೊಂದು ವಿಭಾಗಕ್ಕೆ ಹೋಗಿದೆ, ಅಲ್ಲಿಂದ ಇನ್ನೂ ಬಂದಿಲ್ಲ. ಹೀಗಾಗಿ ಎರಡು ತಿಂಗಳಿಂದ ಬೇಕರಿಯವರು, ಅವರ ಹೆಂಡತಿ, ಕಾಲೇಜಿಗೆ ಹೋಗುವ ಮಗಳು ಮೂವರೂ ಕಿಟಕಿ ಹಾರಿ ಮನೆಯೊಳಕ್ಕೆ ಹೋಗುತ್ತಿದ್ದಾರೆ. ಗ್ಯಾಸ್ ಸಿಲಿಂಡರನ್ನು ಹಗ್ಗ ಕಟ್ಟಿ ಎಳೆದುಕೊಂಡರು. ಬೇಕರಿಯಕ್ಕ ಮಾತ್ರ ನಗುನಗುತ್ತಲೇ ಇದ್ದಾರೆ. “ದಿನಕ್ಕೆ ಎಂಟು ಸಲ ಹಾರಿ ಹಾರಿ ನನ್ನ ಮಂಡಿನೋವೇ ಹೋಯ್ತು ಕಣ್ರಿ. ಆ ಸಾಹೇಬ್ರಿಗೆ ಹೇಳಿ, ಸೊಂಟನೋವಿಗೂ ಒಂದು ನೋಟೀಸು ಕಳಿಸ್ಲಿ,” ಅನ್ನುತ್ತಾರೆ. ಅವರ ಹೊಸ ಮೆಟ್ಟಿಲು ಈಗ ನನ್ನ ಹಳೆಯ ಮೆಟ್ಟಿಲಿಗೆ ಭುಜ ತಾಗಿಸಿಕೊಂಡು ನಿಂತಿದೆ. ಮೊನ್ನೆ ಹೈಸ್ಕೂಲಿನ ಹೆಡ್‌ಮಾಸ್ತರರು ಪ್ಯಾಂಟಿನ ಅಳತೆ ಕೊಡಲು ಬಂದವರು ತಪ್ಪಿ ಆ ಮೆಟ್ಟಿಲು ಹತ್ತಿ ಕಿಟಕಿಯಲ್ಲಿ ತಲೆ ತೂರಿಸಿದರಂತೆ. ಒಳಗೆ ತಲೆ ಬಾಚಿಕೊಳ್ಳುತ್ತಿದ್ದ ಬೇಕರಿಯಕ್ಕ, “ಪ್ಯಾಂಟು ಪಕ್ಕದಲ್ಲಿ ಸಾರ್, ಬ್ರೆಡ್ಡು ಕೆಳಗೆ. ಇಲ್ಲಿ ನಾನು ಮಾತ್ರ ಇರೋದು,” ಅಂದರಂತೆ. ಆ ದೊಡ್ಡ ಮನುಷ್ಯರು ಇವತ್ತಿನವರೆಗೂ ಅಳತೆಗೆ ಮರಳಿ ಬಂದಿಲ್ಲ.

ನಾನು ಬೇಕರಿಯವರಷ್ಟು ಸಾಧುವಲ್ಲ. ನನ್ನ ದೊಡ್ಡಮ್ಮನನ್ನು ಕರೆದುಕೊಂಡು ತಮ್ಮ ಕಚೇರಿಗೆ ಬಂದೆ. ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ವಯಸ್ಸು ಎಂಬತ್ತೆಂಟು, ಹುಟ್ಟಿದ್ದು ಅದೇ ಮನೆಯಲ್ಲಿ. ಏಳನೇ ವಯಸ್ಸಿನಲ್ಲಿ ಆ ಮೆಟ್ಟಿಲಿನಿಂದ ಉರುಳಿ ಮುರಿದುಕೊಂಡ ಮೊಣಕೈಯನ್ನು ತಮಗೆ ತೋರಿಸಿ, ಮೆಟ್ಟಿಲು ಆಗಲೂ ಬಲಗಡೆಗೇ ಇತ್ತು ಎಂದರು. ತಾವು ಕನ್ನಡಕ ಸರಿಮಾಡಿಕೊಂಡು ಕೇಳಿದ ಪ್ರಶ್ನೆ ನೆನಪಿದೆಯೇ?

“ಬೀಳುವಾಗ ಎಡ ಬಲ ನೋಡ್ಕೊಂಡು ಬಿದ್ರಾ ಅಜ್ಜಿ?”

“ನಾನು ಬಿದ್ದಿದ್ದು ಮೆಟ್ಟಿಲಿಂದ ಕಣಪ್ಪಾ,” ಅಂದರು ದೊಡ್ಡಮ್ಮ, “ನೆನಪಿಂದ ಅಲ್ಲ.”

ತಮ್ಮ ಗುಮಾಸ್ತರು ಕಡತದಿಂದ ಮುಖ ಮುಚ್ಚಿಕೊಂಡದ್ದನ್ನು ತಾವು ನೋಡಲಿಲ್ಲ, ನಾನು ನೋಡಿದೆ. ತಾವು ಮಾತ್ರ ಗಂಭೀರವಾಗಿಯೇ ಇದ್ದಿರಿ. “ನೋಡಿಮ್ಮಾ, ಜನ ಸುಳ್ಳು ಹೇಳಬಹುದು, ಮರೆಯಬಹುದು. ಫೋಟೋ ಮರೆಯುತ್ತಾ?” ಎಂದು ಆ ಚಿತ್ರವನ್ನು ನಮ್ಮ ಮುಂದೆ ತಳ್ಳಿದಿರಿ. ಮನೆಗಳ ಮುಂದೆ ಏಳು ಜನ ಗಂಡಸರು ಸಾಲಾಗಿ ನಿಂತಿದ್ದರು. ದೊಡ್ಡಮ್ಮ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು. “ಯಾರೋ ಏನೋ. ನಮ್ಮ ಬೀದೀನೇ ಅಲ್ಲ ಅನ್ಸುತ್ತೆ,” ಎಂದು ವಾಪಸು ಕೊಟ್ಟರು. ತಾವು ಅದನ್ನು ಬರೆದುಕೊಂಡಿರಿ: ‘ಅರ್ಜಿದಾರರ ಸಾಕ್ಷಿಗೆ ತಮ್ಮ ಬೀದಿಯನ್ನೇ ಗುರುತಿಸಲು ಸಾಧ್ಯವಾಗಿರುವುದಿಲ್ಲ.’ ಆಟೋದಲ್ಲಿ ಮನೆಗೆ ಬರುವಾಗ ದೊಡ್ಡಮ್ಮ ಮಾತೇ ಆಡಲಿಲ್ಲ. ಮಾತಾಡದ ದೊಡ್ಡಮ್ಮನನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವತ್ತು ಮಾತ್ರ ನನಗೆ ತಮ್ಮ ಮೇಲೆ ನಿಜವಾಗಿ ಸಿಟ್ಟು ಬಂತು.

ಆಮೇಲೆ ಪುರಭವನದಲ್ಲಿ ತಮ್ಮ ಇಲಾಖೆಯ ‘ನಮ್ಮೂರ ಹಳೆಯ ಮನೆಗಳು’ ಪ್ರದರ್ಶನ. ಪೇಟೆಯ ಹಳೆಯ ಫೋಟೋಗಳನ್ನೆಲ್ಲ ದೊಡ್ಡದು ಮಾಡಿ ತೂಗುಹಾಕಿದ್ದಿರಿ. ನಮ್ಮ ಸಾಲಿನದು ಒಂದು ಗೋಡೆಯಷ್ಟು ದೊಡ್ಡದಾಗಿತ್ತು. ನಿಂತ ಗಂಡಸರು ನನ್ನಷ್ಟೇ ಎತ್ತರ. ತಾವು ವೇದಿಕೆಯ ಮೇಲೆ ಭಾಷಣ ಮಾಡುತ್ತಿದ್ದಿರಿ. ನಾನು ಆ ಚಿತ್ರದ ಮುಂದೆ, ನನ್ನ ಕಿಟಕಿಗೆ ಕೊನೆಯ ನಮಸ್ಕಾರ ಹೇಳುವವಳಂತೆ ನಿಂತಿದ್ದೆ. ಕಣ್ಣು ಕಿಟಕಿಯ ಮೇಲಿತ್ತು, ಆದರೆ ಮೂವತ್ತೊಂದು ವರ್ಷದ ಕಸುಬು ಬಿಡಬೇಕಲ್ಲ? ತಾನಾಗಿಯೇ ಕೆಳಗಿಳಿದು ಎದುರಿಗಿದ್ದವನ ಕೋಟಿನ ಮೇಲೆ ಬಿತ್ತು. ಗಂಡಸರ ಕೋಟಿನಲ್ಲಿ ಗುಂಡಿ ಬಲಗಡೆ, ಕಾಜಾ ಎಡಗಡೆ. ಹೆಂಗಸರದು ಅದಕ್ಕೆ ತಿರುಗುಮುರುಗು. ಈ ಮನುಷ್ಯ ಹೆಂಗಸರ ಕೋಟು ತೊಟ್ಟಿದ್ದ. ಪಾಪ, ಹೆಂಡತಿಯದು ಇರಬೇಕು ಎಂದುಕೊಂಡೆ. ಪಕ್ಕದವನನ್ನು ನೋಡಿದೆ. ಅವನೂ ಹೆಂಡತಿಯ ಕೋಟು ತೊಟ್ಟಿದ್ದ. ಮೂರನೆಯವನು, ನಾಲ್ಕನೆಯವನು... ಏಳೂ ಜನ! ಎದೆಯ ಮೇಲಿನ ಕಿಸೆಯೂ ಏಳೂ ಜನಕ್ಕೆ ಬಲಗಡೆಗೆ! ಎಂಬತ್ತನಾಲ್ಕು ವರ್ಷಗಳ ಹಿಂದೆ ನಮ್ಮ ಬೀದಿಯ ಗಂಡಸರೆಲ್ಲ ಒಟ್ಟಿಗೆ ಹೆಂಡಿರ ಕೋಟು ಹಾಕಿಕೊಂಡು ಫೋಟೋಕ್ಕೆ ನಿಂತರೇ, ಅಥವಾ ತಾವು ಫೋಟೋವನ್ನೇ ತಿರುಗಿಸಿ ಅಚ್ಚು ಹಾಕಿಸಿದಿರೇ?

ಆಗ ತಮ್ಮ ಭಾಷಣದ ನಡುವೆ ಕೇಳಿಬಂದ ಸದ್ದು ನಾನು ನಕ್ಕಿದ್ದು. ಯಾರೋ ಪಾತ್ರೆ ಬೀಳಿಸಿದರು ಎಂದುಕೊಂಡರಂತೆ ಹಿಂದಿನ ಸಾಲಿನವರು.

ಏಳು ಜನರಲ್ಲಿ ಒಬ್ಬನ ಕಿಸೆಗೆ ಓರೆಯಾಗಿ ಕತ್ತರಿಸಿದ ಮುಚ್ಚಳವಿತ್ತು. ಅಂಥ ಮುಚ್ಚಳ ಇಡುತ್ತಿದ್ದವರು ಈ ಪೇಟೆಯಲ್ಲಿ ಒಬ್ಬರೇ, ನನ್ನ ತಾತ. ಆ ಕೋಟು ನಮ್ಮ ಟ್ರಂಕಿನಲ್ಲಿ ಇನ್ನೂ ಇದೆ. ಮರುದಿನ, ಅಂದರೆ ಆ ಪ್ರಸಿದ್ಧ ಮಂಗಳವಾರ, ಕೋಟು ಮತ್ತು ದೊಡ್ಡಮ್ಮ ಇಬ್ಬರನ್ನೂ ಕರೆದುಕೊಂಡು ತಮ್ಮಲ್ಲಿಗೆ ಬಂದೆ. ಮೊದಲು ತಾವು, “ಆ ಕಾಲದಲ್ಲಿ ಹಾಗೇ ಹೊಲೀತಿದ್ರೋ ಏನೋ,” ಎಂದಿರಿ. “ಹಾಗಾದ್ರೆ ತೊಟ್ಟು ನೋಡಿ ಸಾರ್,” ಎಂದೆ. ತೊಡುವುದಿಲ್ಲ ಎಂದಿರಿ. ಗುಮಾಸ್ತರು, “ಸಾರ್, ಪರಿಶೀಲನೆ ಅಂತ ಕಡತಕ್ಕೆ ಬರೀಬೇಕಲ್ಲ,” ಎಂದರು. ತೊಟ್ಟಿರಿ. ಮಾನ್ಯರೇ, ನಿಜ ಹೇಳುತ್ತೇನೆ, ತಮಗೆ ಆ ಕೋಟು ಬಲು ಚೆನ್ನಾಗಿ ಒಪ್ಪಿತ್ತು. ತೋಳು ಮಾತ್ರ ಎರಡು ಬೆರಳು ಗಿಡ್ಡ. ತಾವು ಗುಂಡಿ ಹಾಕಿಕೊಂಡು ಫೋಟೋದ ಪಕ್ಕ ನಿಂತಿರಿ. ಗುಂಡಿ ತಮ್ಮ ಬಲಕ್ಕೆ, ಚಿತ್ರದಲ್ಲಿದ್ದವರ ಎಡಕ್ಕೆ. ಕಿಸೆ ತಮ್ಮ ಎಡಕ್ಕೆ, ಅವರ ಬಲಕ್ಕೆ. ಟೈಪು ಮಾಡುತ್ತಿದ್ದ ಹೆಣ್ಣುಮಗಳು ಮೆಲ್ಲಗೆ, “ಸಾರ್, ನೀವು ಸರಿ ಇದೀರಾ. ಫೋಟೋನೇ ಉಲ್ಟಾ,” ಎಂದಳು. ತಮ್ಮ ಸೇವೆಯಲ್ಲಿ ತಮ್ಮನ್ನು ಇಷ್ಟು ಪ್ರಾಮಾಣಿಕವಾಗಿ ಹೊಗಳಿದವರು ಬೇರೆ ಯಾರಾದರೂ ಇದ್ದಾರೆಯೇ?

ದಾಖಲೆ ಕೋಣೆಯ ಫೋಟೋದವರನ್ನು ಕರೆಸಿದಿರಿ. ಅವರು ಗಾಜಿನ ಫಲಕವನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಅಂಚು ಮುಟ್ಟಿ ನೋಡಿ, “ಅಚ್ಚು ಹಾಕುವಾಗ ಫಲಕಾನ ಮಗುಚಿ ಇಟ್ಟುಬಿಟ್ಟಿದಾರೆ, ಅದಕ್ಕೇ ಎಡ ಬಲ ಆಗಿದೆ,” ಎಂದರು. ಯಾರು ಇಟ್ಟದ್ದು ಎಂದು ಯಾರೂ ಕೇಳಲಿಲ್ಲ. ಅವರ ಕಿವಿ ಕೆಂಪಗಾಗಿದ್ದೇ ಸಾಕಾಗಿತ್ತು. ಅರ್ಧ ಗಂಟೆಯಲ್ಲಿ ಅಂಗೈಯಗಲದ ಸರಿಯಾದ ಪ್ರತಿಯೊಂದನ್ನು, ಇನ್ನೂ ಒದ್ದೆಯಾಗಿದ್ದಾಗಲೇ, ತಂದು ಮೇಜಿನ ಮೇಲಿಟ್ಟರು. ಮೆಟ್ಟಿಲುಗಳು ಬಲಗಡೆಗಿದ್ದವು. ನಾನು ಗೆದ್ದೆನೆಂದು ಕುಣಿಯಲು ಕಾಲೆತ್ತುವಷ್ಟರಲ್ಲಿ ದೊಡ್ಡಮ್ಮ ಬಗ್ಗಿದರು. ಹಿಂದಿನ ಸಲ ‘ಯಾರೋ ಏನೋ’ ಅಂದವರು ಈ ಸಲ ಬೆರಳನ್ನು ನೇರ ಒಬ್ಬನ ಮೇಲಿಟ್ಟರು. ಎಡಗೆನ್ನೆಯ ಮೇಲೆ ಮಚ್ಚೆ, ಎಡಕ್ಕೆ ತೆಗೆದ ಬೈತಲೆ.

“ಅಯ್ಯೋ, ನಮ್ಮಪ್ಪ!” ಎಂದರು. “ನೋಡೇ, ಫೋಟೋ ತೆಗೆಯೋರು ಬಂದಿದಾರೆ, ಗಡ್ಡನೂ ಕೆರ್ಕೊಂಡಿಲ್ಲ!”

ತಾತ ತೀರಿಕೊಂಡಾಗ ದೊಡ್ಡಮ್ಮನಿಗೆ ಎಂಟು ವರ್ಷ. ಅವರದೊಂದು ಫೋಟೋ ನಮ್ಮ ಮನೆಯಲ್ಲಿ ಇಲ್ಲ. ಯಾರ ಮನೆಯಲ್ಲೂ ಇಲ್ಲ. ಎಂಬತ್ತು ವರ್ಷದಿಂದ ಕಾಣದ ಮುಖ ಅದು. ದೊಡ್ಡಮ್ಮ ಅಳಲಿಲ್ಲ. ನಗತೊಡಗಿದರು. “ಎಷ್ಟು ಚಿಕ್ಕೋನೇ ನಮ್ಮಪ್ಪ! ಹುಡುಗ ಕಣೇ! ನನ್ನ ಮೊಮ್ಮಗನ ವಯಸ್ಸು!” ಎಂದು ಮೇಜು ಬಡಿದು ಬಡಿದು ನಕ್ಕರು. ನಾನು ನಕ್ಕೆ, ಗುಮಾಸ್ತರು ನಕ್ಕರು, ಕೋಟು ತೊಟ್ಟುಕೊಂಡೇ ತಾವೂ ನಕ್ಕಿರಿ. ಇಲ್ಲವೆನ್ನಬೇಡಿ, ಸಾಕ್ಷಿಗೆ ಐದು ಜನ ಇದ್ದೇವೆ. ಆ ನಾಲ್ಕು ನಿಮಿಷ ತಮ್ಮ ಕಚೇರಿಯಂಥ ಸುಖದ ಜಾಗ ಈ ಪೇಟೆಯಲ್ಲಿ ಮತ್ತೊಂದಿರಲಿಲ್ಲ.

ಐದನೇ ನಿಮಿಷಕ್ಕೆ ತಾವು ಕೋಟು ಬಿಚ್ಚಿದಿರಿ, ಮತ್ತೆ ಅಧಿಕಾರಿಯಾದಿರಿ. ಪ್ರತಿಯನ್ನು ದೊಡ್ಡಮ್ಮನ ಕೈಯಿಂದ ತೆಗೆದು ಕಡತದೊಳಗಿಟ್ಟು, “ದಾಖಲೆ ತಿದ್ದುಪಡಿ ಆಗೋವರೆಗೆ ಕೊಡೋಕೆ ಬರಲ್ಲ. ನೋಟೀಸು ವಾಪಸ್ ತಗೋತೀನಿ, ಹೋಗಿ,” ಎಂದಿರಿ. ಬಂದೆವು. ಕಳೆದ ವಾರ ತಮ್ಮಿಂದ ಎರಡು ಕಾಗದ ಬಂದವು. ಒಂದು ನನಗೆ: ‘ಛಾಯಾಚಿತ್ರದ ಎಡಬಲಗಳನ್ನು ಸಮಿತಿಯು ನಿರ್ಣಯಿಸುವವರೆಗೆ ಈ ಹಿಂದಿನ ಆದೇಶವು ಜಾರಿಯಲ್ಲಿರುತ್ತದೆ.’ ಇನ್ನೊಂದು ಬೇಕರಿಯವರಿಗೆ: ಮೂಲ ಛಾಯಾಚಿತ್ರಕ್ಕೆ ವಿರುದ್ಧವಾಗಿ ಮೆಟ್ಟಿಲನ್ನು ಎಡಗಡೆಗೆ ಕಟ್ಟಿಕೊಂಡಿದ್ದೇಕೆ ಎಂದು ವಿವರಣೆ ಕೇಳಿ! ಒಂದೇ ದಿನ, ಒಂದೇ ಮೊಹರು, ಒಂದೇ ಸಹಿ. ಎಡ ಬಲ ನಿರ್ಣಯಿಸಲು ಸಮಿತಿಯೇ ಬೇಕೆ ಮಾನ್ಯರೇ? ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುವಾಗ ತಾವು ಯಾರ ಅನುಮತಿ ಕೇಳುತ್ತೀರಿ? ಬೇಕರಿಯವರು ಆ ಕಾಗದ ಓದಿ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಬೇಕರಿಯಕ್ಕ ಕಿಟಕಿಯಿಂದ ಬಗ್ಗಿ ನೋಡಿ, “ಏಳ್ರಿ, ಇನ್ನು ಹತ್ತೋಕೂ ಇಳಿಯೋಕೂ ಏಣಿ ತಂದಿಟ್ಕೊಳ್ಳೋಣ. ಅದಕ್ಕೆ ಎಡ ಬಲ ಇಲ್ಲ,” ಎಂದರು.

ಆದ್ದರಿಂದ ನನ್ನ ಹಕ್ಕೊತ್ತಾಯ ಹೀಗಿದೆ. ನಾಲ್ಕೂ ಮನೆಗಳ ಮೇಲಿನ ಆಜ್ಞೆಯನ್ನು ಬರವಣಿಗೆಯಲ್ಲಿ ರದ್ದುಮಾಡಿ. ಬೇಕರಿಯವರ ಮೆಟ್ಟಿಲನ್ನು ಇದ್ದ ಜಾಗದಲ್ಲಿ ತಮ್ಮ ಇಲಾಖೆಯೇ ಕಟ್ಟಿಸಿಕೊಡಲಿ. ವಿವರಣೆಯನ್ನೂ ಅವರ ಪರವಾಗಿ ತಾವೇ ಬರೆಯಿರಿ, ತಮಗಿಂತ ಚೆನ್ನಾಗಿ ಅದು ಗೊತ್ತಿರುವವರು ಯಾರೂ ಇಲ್ಲ. ಪುರಭವನದ ಗೋಡೆಯ ಮೇಲಿನ ಏಳು ಜನರಿಗೆ ಅವರವರ ಕೋಟುಗಳನ್ನು ಹಿಂದಿರುಗಿಸಿ. ಮತ್ತು ಕಡತದೊಳಗೆ ಸಿಕ್ಕಿಕೊಂಡಿರುವ ಆ ಅಂಗೈಯಗಲದ ಪ್ರತಿಯನ್ನು ದೊಡ್ಡಮ್ಮನಿಗೆ ಕೊಡಿ. ಉಳಿದವಕ್ಕೆಲ್ಲ ಸಮಿತಿ ಕೂಡಲಿ, ಏಳಲಿ, ಕಾಯುತ್ತೇವೆ. ಕೊನೆಯದು ಬುಧವಾರದೊಳಗೆ ಆಗಬೇಕು.

ಇದು ಬೆದರಿಕೆಯಲ್ಲ, ತಿಳುವಳಿಕೆ. ಆಗದಿದ್ದರೆ ಗುರುವಾರದಿಂದ ದೊಡ್ಡಮ್ಮ ತಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಹತ್ತರಿಂದ ಐದರವರೆಗೆ ಕುಳಿತಿರುವುದಾಗಿ ತೀರ್ಮಾನಿಸಿದ್ದಾರೆ. ಮೌನವ್ರತವಲ್ಲ. ಅವರು ಎದುರಿಗೆ ಸಿಕ್ಕವರನ್ನೆಲ್ಲ ಮಾತಾಡಿಸುತ್ತಾರೆ, ಮದುವೆಯಾಗದವರಿಗೆ ಸಂಬಂಧ ಹುಡುಕುತ್ತಾರೆ, ಆದವರಿಗೆ ಬುದ್ಧಿ ಹೇಳುತ್ತಾರೆ. ಹೋದ ವರ್ಷ ಆಸ್ಪತ್ರೆಯಲ್ಲಿ ಒಂದು ವಾರ ಇರಬೇಕಿತ್ತು. ಮೂರನೇ ದಿನಕ್ಕೇ ವೈದ್ಯರು ಕೈಮುಗಿದು ಮನೆಗೆ ಕಳಿಸಿದರು. ತಮ್ಮ ಗುಮಾಸ್ತರು ಆಗಲೇ ಬೆಂಚನ್ನು ಒರೆಸಿಟ್ಟಿದ್ದಾರೆಂದು ಸುದ್ದಿ.

ಇಂತಿ,
ಇಷ್ಟು ದಿನ ಬಟ್ಟೆ ಮಾತ್ರ ಬಿಚ್ಚಿ ಹೊಲಿಯುತ್ತಿದ್ದು, ಈಗ ಸರ್ಕಾರಿ ಕಾಗದವನ್ನೂ ಬಿಚ್ಚಿ ಹೊಲಿಯಬೇಕಾಗಿ ಬಂದಿರುವ,
ಸಾಲಿನ ಮೊದಲನೇ ಮನೆಯ ದರ್ಜಿ