ಖಾಲಿ ಬಿಟ್ಟ ಕಾರಣ

ಗದಗ-ಬೆಟಗೇರಿ
ಎರಡನೇ ಮೇ ತಿಂಗಳ ಒಂಬತ್ತು, 2120
ಬೆಳಿಗ್ಗೆ ಹತ್ತೂವರೆ

ಮುತ್ತಜ್ಜಿ ದಾಕ್ಷಾಯಿಣಿಯವರಿಗೆ ನಿಮ್ಮ ಮರಿಮೊಮ್ಮಗಳು ನೀಲಾಂಬಿಕೆ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಬಿಸಿಲು ಉದ್ದವಾಗುತ್ತ ಹೋದ ಮೇಲೆ ಸರ್ಕಾರದವರು ಮೇ ತಿಂಗಳನ್ನು ಎರಡು ಮಾಡಿ, ಜನವರಿ ಫೆಬ್ರವರಿಗಳನ್ನು ಒಂದಾಗಿ ಹೊಲಿದುಬಿಟ್ಟರು. ನನ್ನ ಮಾತುಗಳಲ್ಲೂ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸಿ, ಬಿಡಿಸಿ ಹೇಳುತ್ತ ಹೋಗುತ್ತೇನೆ. ಈ ಪತ್ರ ನಿಮ್ಮ ಕೈ ಸೇರುವುದಿಲ್ಲ ಎನ್ನುವಷ್ಟು ಬುದ್ಧಿ ನನಗಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಒಬ್ಬಳಿಗೆ ಸಾಲ ಕೊಡಬೇಕೋ ಬೇಡವೋ ಎಂದು ಮಧ್ಯಾಹ್ನ ಹನ್ನೆರಡರೊಳಗೆ ಹೇಳಬೇಕಾಗಿದೆ, ಮತ್ತು ನನ್ನ ಕೈ ಕಟ್ಟಿಹಾಕಿರುವವರು ನೀವು. ನಿಮ್ಮ ಮೇಲೆ ನನಗೆ ಸಿಟ್ಟಿದೆ. ಮೊದಲೇ ಹೇಳಿಬಿಡುತ್ತೇನೆ.

ನೀವು ನಿಮ್ಮ ಕಾಲದಲ್ಲಿ ಟ್ಯೂಷನ್ ಹೇಳಿ ಉಳಿಸಿದ ದುಡ್ಡನ್ನು ಮೊಬೈಲಿನಲ್ಲಿ ಗುರುತು ಪರಿಚಯವಿಲ್ಲದವರಿಗೆ ಸಾವಿರ, ಎರಡು ಸಾವಿರ ಅಂತ ಸಾಲ ಕೊಡುತ್ತಿದ್ದಿರಂತೆ. ನಾನೂ ಅದನ್ನೇ ಮಾಡುತ್ತೇನೆ. ನನ್ನಂಥವರಿಗೆ ಈಗ ಗಡಿಗೆಯವರು ಅನ್ನುತ್ತಾರೆ. ನಮ್ಮ ಓಣಿಯ ಒಂಬತ್ತು ಮನೆಯ ಹೆಂಗಸರ ಉಳಿತಾಯ ನನ್ನ ಗಡಿಗೆಯಲ್ಲಿದೆ. ಬೆಳಗಾದರೆ ಪರದೆಯ ಮೇಲೆ ಬೇಡಿಕೆಗಳು ಬಂದು ಕೂತಿರುತ್ತವೆ. ಯಂತ್ರಗಳೇ ಬರೆದುಕೊಡುವುದರಿಂದ ಒಂದರಲ್ಲೂ ತಪ್ಪಿರುವುದಿಲ್ಲ. ಎಲ್ಲರೂ ಮರ್ಯಾದಸ್ಥರು, ಎಲ್ಲರ ಕಷ್ಟವೂ ಮೂರನೇ ಸಾಲಿಗೆ ಕಣ್ಣಲ್ಲಿ ನೀರು ತರಿಸುತ್ತದೆ. ಹೋದ ವರ್ಷ ಒಬ್ಬ ಮಗಳ ಕಿವಿಯ ಆಪರೇಷನ್ ಅಂತ ಬರೆದ. ಅತ್ತು ಕೊಟ್ಟೆ. ಅವನಿಗೆ ಮಗಳೇ ಇರಲಿಲ್ಲ. ಗಡಿಗೆಯ ಮೂರನೇ ಒಂದು ಪಾಲು ಹೋಯಿತು. ಪಕ್ಕದ ಮನೆಯ ಶಿವಗಂಗವ್ವ ಈಗಲೂ ನನಗೆ ಕೇಳಲೆಂದೇ, "ಬೆಳ್ಳಗಿದ್ದದ್ದೆಲ್ಲಾ ಹಾಲು ಅಂತ ತಿಳಕೊಂಡ್ರ ಹಿಂಗ ಆಗೂದು" ಅನ್ನುತ್ತಾಳೆ. ಅಂದಿನಿಂದ ನಾನು ಮಜ್ಜಿಗೆಯನ್ನೂ ಊದಿ ಕುಡಿಯುತ್ತೇನೆ.

ಈ ಕೆಲಸದಲ್ಲಿ ನಾವು ನಾವೇ ಕಲಿತ ಪಾಠಗಳಿವೆ. ದುಂಡನೆಯ ಮೊತ್ತ ಕೇಳುವವರು ಅಂಗಡಿಗೆ ಹೋಗಿ ಬೆಲೆ ವಿಚಾರಿಸಿಲ್ಲ. ಬೇಡಿಕೆಯಲ್ಲಿ ಸಾವಿನ ಮಾತು ತಂದವರು ಮುಕ್ಕಾಲು ಪಾಲು ಸುಳ್ಳರು. ಇಷ್ಟರ ಮೇಲೆ ತಕ್ಕಡಿ ಎಂಬುದೊಂದಿದೆ. ಅದು ಸಾಲ ಕೇಳುವವರನ್ನು ಎಷ್ಟು ನಂಬಬಹುದು ಎಂದು ತೂಗಿ ಅಂಕಿ ಹೇಳುವ ಯಂತ್ರ. ಅದು ಸಾಲ ಕೇಳುವವರನ್ನಷ್ಟೇ ತೂಗುವುದಿಲ್ಲ, ನಾಲ್ಕು ತಲೆಮಾರು ಹಿಂದಕ್ಕೆ ಕೆದಕುತ್ತದೆ. ತಕ್ಕಡಿಯ ಮಾತು ಮೀರಿ ನಾನು ಕೊಟ್ಟು, ಆ ದುಡ್ಡು ಮುಳುಗಿದರೆ, ನನ್ನ ಗಡಿಗೆಗೆ ಬೀಗ.

ಇವತ್ತಿನ ಬೇಡಿಕೆ ಜೈನಬ ನದಾಫ ಎಂಬವಳದು. ವಯಸ್ಸು ಇಪ್ಪತ್ತಾರು. ಕಪ್ಪತಗುಡ್ಡದ ಗಾಳಿಗಂಬಗಳನ್ನು ಹತ್ತಿ ರೆಕ್ಕೆಗಳ ಬಿರುಕು ಮುಚ್ಚುವುದು ಅವಳ ಕಸುಬು. ಆಷಾಢದ ಗಾಳಿ ಶುರುವಾಗುವ ಮೊದಲು ರಿಪೇರಿ ಮುಗಿಯಬೇಕು. ಅಲ್ಲಿಯ ಗುತ್ತಿಗೆಯ ಪದ್ಧತಿ ಹೇಗೆಂದರೆ, ಹನ್ನೆರಡರೊಳಗೆ ಯಾರು ಕಂಬಕ್ಕೆ ಕಾಲಿಡುತ್ತಾರೋ ಕೆಲಸ ಅವರದು, ಅರ್ಧಕ್ಕೆ ಇಳಿದರೆ ಕೆಲಸ ಮುಂದಿನವರದು. ಅವಳ ಹಗ್ಗ ಮತ್ತು ಸೊಂಟಪಟ್ಟಿ ಸವೆದಿವೆ. ಹೊಸದಕ್ಕೆ ನಾಲ್ಕು ಲಕ್ಷದ ಹದಿಮೂರು ಸಾವಿರದ ಆರುನೂರು ಬೇಕು. ಗಾಬರಿಯಾಗಬೇಡಿ, ಈಗ ಒಂದು ಕಪ್ ಚಹಾಕ್ಕೇ ಎಂಟುನೂರು. ಡಂಬಳದ ಅಂಗಡಿಯಲ್ಲಿ ಹಗ್ಗ ಎತ್ತಿಟ್ಟಿದ್ದಾರೆ, ನಾನು ಹೂಂ ಅಂದರೆ ಅವಳ ಕೈಗೆ ಕೊಡುತ್ತಾರೆ. ಕೊನೆಯ ಸಾಲಿನಲ್ಲಿ, ಸಾಲ ಸಿಗದಿದ್ದರೆ ಹಳೆಯ ಹಗ್ಗದಲ್ಲೇ ಹತ್ತುತ್ತೇನೆ ಎಂದು ಬರೆದಿದ್ದಾಳೆ. ಕಂಬ ಮುನ್ನೂರು ಅಡಿ. ಅದನ್ನು ಓದಿದ ಕೂಡಲೇ ನನಗೆ ಆ ಕಿವಿಯ ಆಪರೇಷನ್ ನೆನಪಾಯಿತು.

ತಕ್ಕಡಿ ಬೇಡ ಅನ್ನುತ್ತಿದೆ. ಯಾಕೆ ಎಂದು ಕೆದಕಿದೆ. ಜೈನಬಳದು ಚೊಕ್ಕ ಕೈ, ಇವತ್ತಿನವರೆಗೆ ಒಂದು ಕಂತೂ ತಪ್ಪಿಲ್ಲ. ಅವಳ ಮುತ್ತಜ್ಜಿ ಇಮಾಮಬಿ ಗಾದಿ ಹೊಲಿಯುವವಳು, 2026ರಲ್ಲಿ ಹತ್ತಿ ಕೊಳ್ಳಲು ಎರಡು ಸಾವಿರ ಸಾಲ ತೆಗೆದಿದ್ದಳು. ಪೂರ್ತಿ ತೀರಿಸಿದ್ದಾಳೆ, ಹನ್ನೊಂದು ದಿನ ತಡವಾಗಿ. ಸಾಲ ಕೊಟ್ಟವರು ಅವಳ ಹೆಸರಿನ ಮುಂದೆ 'ಮತ್ತೆ ಬೇಡ' ಎಂಬ ಗುರುತು ಒತ್ತಿ, ಕಾರಣ ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಕೊಟ್ಟವರ ಹೆಸರು ನೋಡಿದೆ. ನಿಮ್ಮದು.

ನಿಮ್ಮ ವಿಷಯ ನಮ್ಮಮ್ಮ ಹೇಳುತ್ತಿದ್ದಳು. ಒಬ್ಬರ ಮನೆಯ ಮಾತನ್ನು ನೀವು ಇನ್ನೊಬ್ಬರ ಮನೆಗೆ ಒಯ್ದವರಲ್ಲವಂತೆ. ಯಾರಾದರೂ ಕೆದಕಿದರೆ, "ಊರ ಉಸಾಬರಿ ನಮಗ್ಯಾಕವಾ" ಎಂದು ಎದ್ದು ಹೋಗುತ್ತಿದ್ದಿರಂತೆ. ಹಾಗಾಗಿ ನನಗೆ ಅನ್ನಿಸುವುದು, ಇಮಾಮಬಿ ಯಾಕೆ ತಡ ಮಾಡಿದಳೆಂದು ನಿಮಗೆ ಗೊತ್ತಿತ್ತು. ಗಂಡ ಕುಡಿದನೋ, ಮನೆಯಲ್ಲಿ ಯಾರಿಗಾದರೂ ಹುಷಾರಿರಲಿಲ್ಲವೋ. ಅವಳ ಮಾನ ಹರಾಜಾಗುವುದು ಬೇಡವೆಂದು ಖಾಲಿ ಬಿಟ್ಟಿರಿ. ನಿಮ್ಮ ಲೆಕ್ಕದಲ್ಲಿ ಅದು ಕರುಣೆ. ತಕ್ಕಡಿಯ ಲೆಕ್ಕ ಬೇರೆ. ಖಾಲಿ ಜಾಗ ಕಂಡರೆ ಅದು ಹೇಳಬಾರದಂಥ ಕಾರಣ ಎಂದು ಓದಿಕೊಂಡು ಎಲ್ಲಕ್ಕಿಂತ ಹೆಚ್ಚು ಅಂಕಿ ಕಳೆಯುತ್ತದೆ. ಅಥವಾ ನಿಮಗೆ ಬರೆಯಲು ಬೇಜಾರಾಗಿರಬಹುದು. ಅಥವಾ ಅವಳು ನಿಜವಾಗಿಯೂ ಮೋಸಗಾತಿಯೇ ಆಗಿದ್ದಿರಬಹುದು. ನನಗೆ ಗೊತ್ತಾಗುವ ದಾರಿಯಿಲ್ಲ, ಅದೇ ನನ್ನ ಸಂಕಟ.

ಹನ್ನೊಂದು ಗಂಟೆ ಹತ್ತು ನಿಮಿಷ. ಈಗಷ್ಟೇ ನೇರಮಾತು ಮುಗಿಸಿದೆ. ನಡುವೆ ಯಾವ ಯಂತ್ರವೂ ಇಲ್ಲದೆ ಸಾಲ ಕೇಳುವವರ ದನಿಯನ್ನೇ ಕೇಳಲು ಗಡಿಗೆಯವರಿಗೆ ಮೂರು ನಿಮಿಷ ಕೊಡುತ್ತಾರೆ. ಮನೆಯಲ್ಲಿ ಕೊಡುವವರು ಯಾರೂ ಇಲ್ಲವೇ ಎಂದು ಜೈನಬಳನ್ನು ಕೇಳಿದೆ. ಸುಳ್ಳರು ಈ ಪ್ರಶ್ನೆಗೆ ಸಾಮಾನ್ಯವಾಗಿ ಮನೆಯವರನ್ನೆಲ್ಲ ಸಾಯಿಸಿಬಿಡುತ್ತಾರೆ. ಜೈನಬ, "ನಮ್ಮಣ್ಣನ್ನ ಕೇಳಿದ್ರ ಕೊಡ್ತಾನ್ರೀ. ಕೊಟ್ಟು, ಇನ್ನ ಮ್ಯಾಲ ಕಂಬ ಹತ್ತಬ್ಯಾಡ ಅಂತಾನ. ಅದಕ್ಕ ಕೇಳಿಲ್ಲ" ಅಂದಳು. ಇಂಥ ಉತ್ತರವನ್ನು ಯಂತ್ರ ಬರೆದುಕೊಡುವುದಿಲ್ಲ. ಅಷ್ಟಕ್ಕೇ ಹೂಂ ಅನ್ನಬೇಕಿತ್ತು. ಅದು ಬಿಟ್ಟು ಇಮಾಮಬಿಯ ವಿಷಯ ಎತ್ತಿದೆ. ಜೈನಬ ಸಿಟ್ಟಾದಳು. "ಆಕಿ ಹೆಸರ ನಾ ಇವತ್ತ ಕೇಳಾಕತ್ತೀನ್ರೀ. ನಾ ಹಗ್ಗದ ಮಾತ ಆಡಾಕತ್ತೀನಿ, ನೀವು ಸತ್ತಾಕಿ ಮಾತ ಕೇಳಾಕತ್ತೀರಿ. ಲಗೂನ ಹೇಳ್ರಿ." ಮೂರು ನಿಮಿಷ ಮುಗಿಯಿತು.

ಅವಸರ ಮಾಡುವವರನ್ನು ನಂಬಬೇಡ ಎನ್ನುವುದೂ ನಮ್ಮ ಪಾಠಗಳಲ್ಲೊಂದು. ಅದಕ್ಕೇ ಎದ್ದು ನೀರು ಕುಡಿದು ಬಂದೆ. ಅವಳ ಹಳೆಯ ಕಂತುಗಳನ್ನು ಮತ್ತೊಮ್ಮೆ ನೋಡಿದೆ. ಒಂಬತ್ತು ಮನೆಯ ಹೆಂಗಸರಿಗೆ ಏನು ಉತ್ತರ ಕೊಡಲಿ ಎಂದು ಯೋಚಿಸಿದೆ. ಶಿವಗಂಗವ್ವನ ಮುಖ ಕಣ್ಣ ಮುಂದೆ ಬಂತು. ಹನ್ನೆರಡಕ್ಕೆ ಇನ್ನೂ ಸಮಯವಿದೆ ಎಂದು ನಿಮಗೆ ಇಷ್ಟುದ್ದ ಬರೆದೆ. ಬರೆಯುತ್ತ ಬರೆಯುತ್ತ ಮನಸ್ಸು ಗಟ್ಟಿಯಾಯಿತು. ಬೀಗ ಬಿದ್ದರೆ ಬೀಳಲಿ. ಕೊಡುತ್ತೇನೆ.

ಹನ್ನೊಂದು ನಲವತ್ತಕ್ಕೆ ಹೂಂ ಒತ್ತಿದೆ. ಪರದೆ ಸ್ವೀಕರಿಸಲಿಲ್ಲ. ಎಂಟು ನಿಮಿಷದ ಹಿಂದೆ ಅವಳು ಬೇಡಿಕೆ ಹಿಂದಕ್ಕೆ ತೆಗೆದುಕೊಂಡಿದ್ದಾಳೆ. ಕಾರಣದ ಜಾಗದಲ್ಲಿ ತನ್ನ ಕೈಯಾರೆ ಬರೆದಿದ್ದಾಳೆ: "ಹಳೇ ಹಗ್ಗ ಸಾಕು ಬಿಡ್ರಿ."

ಡಂಬಳದ ಅಂಗಡಿಗೆ ಫೋನು ಮಾಡಿದೆ. ಅಂಗಡಿಯವ, "ಇಲ್ಲಿಂದ ಕಂಬಕ್ಕ ಇಪ್ಪತ್ತೈದು ಮಿನಿಟಿನ ಏರು ಐತ್ರೀ. ಹನ್ನೆರಡಕ್ಕ ಮುಟ್ಟಬೇಕಂದ್ರ ಹನ್ನೊಂದೂವರಿಗೆ ಬಿಡಬೇಕಲ್ರೀ" ಅಂದ. ಹನ್ನೆರಡು ಎನ್ನುವುದು ನನ್ನ ಗಡುವು, ಅವಳದು ಹನ್ನೊಂದೂವರೆ. ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿದ ನನಗೆ ಅವಳು ನಡೆದು ಹೋಗಬೇಕು ಎನ್ನುವುದು ಹೊಳೆಯಲೇ ಇಲ್ಲ. ಹಗ್ಗದ ದುಡ್ಡು ನನ್ನ ಸ್ವಂತದ್ದು ಕೊಡುತ್ತೇನೆ, ಎತ್ತಿಕೊಂಡು ಓಡಪ್ಪ ಎಂದು ಕೈಮುಗಿದೆ. ಓಡಿದ. ಒಳ್ಳೆಯವನು.

ಹನ್ನೆರಡು ಗಂಟೆ ಎಂಟು ನಿಮಿಷ. ಅವನ ಫೋನು ಬಂತು. ಏದುಸಿರು ಬಿಡುತ್ತಿದ್ದ. ಜೈನಬ ಐವತ್ತು ಅಡಿ ಮೇಲೆ ಹೋಗಿದ್ದಾಳೆ. ಕೂಗಿ ಹೇಳಿದನಂತೆ, ಹೊಸ ಹಗ್ಗ ತೋರಿಸಿದನಂತೆ. "ಇಳದ್ರ ಕೆಲಸ ಹೊಕ್ಕೈತಿ, ಅಲ್ಲೇ ಇಡು ಅಂತಾಳ್ರೀ ಯವ್ವಾ. ಹಗ್ಗ ಇಲ್ಲೇ ಕಂಬದ ಬುಡದಾಗ ಇಟ್ಟೀನಿ" ಅಂದ. ನೀನು ಅಲ್ಲೇ ಇರು, ಇಳಿಯುವವರೆಗೆ ಎಲ್ಲಿಗೂ ಹೋಗಬೇಡ ಅಂದೆ. ಮೂರು ಗಂಟೆಯ ಕೆಲಸವಂತೆ. ಇಲ್ಲಿ ನಮ್ಮ ಅಂಗಳದಲ್ಲೂ ಗಾಳಿ ಎದ್ದಿದೆ, ಒಣಹಾಕಿದ ಬಟ್ಟೆ ಹಗ್ಗದ ಮೇಲೆ ನಿಲ್ಲುತ್ತಿಲ್ಲ.

ಸಿಟ್ಟು ನಿಮ್ಮ ಮೇಲೆ ಎಂದು ಶುರು ಮಾಡಿದೆ. ಈಗ ನಿಮ್ಮ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂದು ಬಿಡಿಸಲು ಆಗುತ್ತಿಲ್ಲ. ನೀವು ಹೇಳಬೇಕಾದ್ದನ್ನು ಹೇಳಲಿಲ್ಲ, ನಾನು ಹೇಳಬೇಕಾದ ಹೊತ್ತಿಗೆ ಹೇಳಲಿಲ್ಲ. ನನಗೆ ತುಂಬ ಹೆದರಿಕೆಯಾಗುತ್ತಿದೆ.

ಆ ಗುರುತು ಒತ್ತುವ ದಿನ ನಿಮ್ಮ ಮುಂದೆ ಇನ್ನೂ ಇದ್ದರೆ, ಒಂದು ಕೆಲಸ ಮಾಡಿ. ಇಮಾಮಬಿಗೆ ಫೋನು ಮಾಡಿ, ಯಾಕೆ ತಡವಾಯಿತವ್ವಾ ಎಂದು ಕೇಳಿ. ಅವಳು ಹೇಳಿದ್ದನ್ನು ಅವಳು ಒಪ್ಪುವ ಮಾತಿನಲ್ಲಿ ಬರೆಯಿರಿ. ಕೇಳಲು ಸಂಕೋಚವಾದರೆ ಗುರುತನ್ನೇ ಒತ್ತಬೇಡಿ. ಎರಡು ಸಾವಿರ ವಾಪಸು ಬಂದಿದೆಯಲ್ಲ, ಸುಮ್ಮನಿದ್ದುಬಿಡಿ.

ಜೈನಬ ಕೆಳಗಿಳಿದಳೆಂದು ಫೋನು ಬರುವವರೆಗೆ ನಾನು ಈ ಪತ್ರಕ್ಕೆ ಸಹಿ ಹಾಕುವುದಿಲ್ಲ.