ಮಾಳಮ್ಮನ ಬೂಟಿನೊಳಗ ಒಮ್ಮಿ ಕೈ ಹಾಕಿ ನೋಡ್ರಿ

ಮಾನ್ಯ ಶಿಕ್ಷಣಾಧಿಕಾರಿ ಸಾಹೇಬ್ರೇ,

ಶರಣು ಆಮ್ಯಾಲ ಹೇಳ್ತೇನಿ, ಮೊದ್ಲ ನನ್ನ ಅಂಜಿಕಿ ಹೇಳ್ತೇನಿ. ನನ್ನ ಮಗಳು ಮಾಳಮ್ಮ ಎಂಟನೇತ್ತ ಓದ್ತಾಳ. ದಿನಾ ಮುಂಜಾನಿ ಸಾಲಿ ಗೇಟಿನ್ಯಾಗ ಕಾಲಾಗಿನ ಬೂಟು ಬಿಚ್ಚಿಟ್ಟು ಬರಿಗಾಲೀಲೆ ಒಳಗ ಹೋಗ್ತಾಳ. ಅದು ನಿಮ್ಮ ಆದೇಶ. ‘ಕಪ್ಪು ಶೂ, ಬಿಳಿ ಸಾಕ್ಸ್ ಕಡ್ಡಾಯ, ಇತರೆ ಪಾದರಕ್ಷೆಗೆ ಅವಕಾಶವಿರುವುದಿಲ್ಲ’ ಅಂತ ಗ್ವಾಡಿಗಿ ಹಚ್ಯಾರ. ಅದರ ಬಾಜೂಕೇ ಇನ್ನೊಂದು ಬೋರ್ಡ್ ಅದ, ‘ಎಲ್ಲಾ ಮಕ್ಕಳೂ ಒಂದೇ ಸಾಲಿನಲ್ಲಿ’. ಎರಡೂ ನಿಮ್ಮವೇ. ಯಾವ್ದು ಖರೇರಿ?

ನಾ ಬರಿಯಾಕ ಕೂತ್ರ ವರ್ಷ ಹಿಡೀತದ. ಅದಕ್ಕ ಕುರಿ ಮೇಯಿಸ್ಕೋಂತ ಫೋನಿನ್ಯಾಗ ಮಾತಾಡಾಕತ್ತೇನಿ, ಅಣ್ಣನ ಮಗಳು ರೇಣಮ್ಮ ಕೇಳಿ ಬರ್ದು ಪೇಪರಿಗಿ ಕಳಸ್ತಾಳ. ನಡುವ ಕುರಿ ಒದರಿದ್ದು ಬಿಟ್ಟು ಉಳದದ್ದೆಲ್ಲಾ ಬರಿ ಅಂದೇನಿ.

ಮಾಳಮ್ಮ ಸಾಲಿಗಿ ಸೇರಿದ ವರ್ಷ ಯಾದಗಿರಿಗಿ ಹೋಗಿ ಕರಿ ಶೂ ತಂದೆ. ಕಾಲಾಗ ಹಾಕಿದ ಕೂಡ್ಲೇ ಚೀರಿದ್ಲು, "ಅಪ್ಪಾ, ಒಳಗ ಇರುವಿ ಅವ!" ಶೂ ಝಾಡಿಸಿದೆ, ಒಂದೂ ಇರುವಿ ಇಲ್ಲ. ಮತ್ತ ಹಾಕಿದೆ, ಮತ್ತ ಚೀರಿದ್ಲು. ಹಟ ಮಾಡ್ತಾಳ ಅಂತ ಒಂದೇಟು ಹಾಕಿದೆ. ಆ ಏಟು ಈಗ ನನಗೇ ಬೀಳಾಕತ್ತದ, ಇರ್ಲಿ. ಅಕಿ ಬರಿಗಾಲೀಲೆ ತಿರಗೂದು ನೋಡಿ ಜನ ಕೇಳಾಕತ್ರು, "ಮಲ್ಕಪ್ಪ, ಮಗಳಿಗಿ ಒಂದು ಜೋಡು ಚಪ್ಪಲ್ ತರೂ ಯೋಗ್ಯತಾ ಇಲ್ಲೇನೋ?" ನಮ್ಮವ್ವ ಭೀಮವ್ವ ಕಟ್ಟಿಮ್ಯಾಗ ಕೂತು ಪಟ್ನ ಅಂದ್ಲು, "ತಿಂಥಣಿ ಮೌನಪ್ಪಯ್ಯಗ ಬರಿಗಾಲ ಹರಕಿ ಹೊತ್ತಾಳ ನನ್ನ ಮೊಮ್ಮಗಳು, ಬಾಯಿ ಮುಚ್ರಿ!" ಎಲ್ಲಾರೂ ಬಾಯಿ ಮುಚ್ಚಿದ್ರು. ಸಾಲ್ಯಾಗೂ ‘ಹರಕೆ, ವಿನಾಯಿತಿ’ ಅಂತ ಬರಕೊಂಡ್ರು. ಸುಳ್ಳು ಸಾಹೇಬ್ರೇ. ದೇವರ ಹೆಸರೀಲೆ ಸುಳ್ಳು. ನಾ ಸುಮ್ನಿದ್ದೆ, ಯಾಕಂದ್ರ ಆರಾಮ ಆತು.

ಹೋದ ಕಾರ್ತಿಕದಾಗ ಒಂದು ಸಂಜಿಮುಂದ ಕುರಿ ದೊಡ್ಡ್ಯಾಗ ನಾತ ಬಂತು. ಕೊಳತ ನಾತ. ಕುರಿ ಸಾಕೋರಿಗಿ ಗೊತ್ತದ, ಗೊರಸು ಕೊಳತ್ರ ಹಿಂಗ ನಾರ್ತದ. ದಿನಾ ದೊಡ್ಡಿಗಿ ಹಾಕೋಕಿಂತ ಮೊದ್ಲ ನಾವು ಒಂದೊಂದು ಕುರಿ ಕಾಲೆತ್ತಿ ನೋಡ್ತೀವಿ, ಮುಳ್ಳು ಅದನ, ಗಾಯ ಅದನ ಅಂತ. ಅವತ್ತ ಎರಡು ಸಲ ನೋಡಿದೆ. ನಲವತ್ತು ಕುರಿ. ಒಂದರದ್ದೂ ಗೊರಸು ಕೆಟ್ಟಿರಲಿಲ್ಲ. ಕೈ ತೊಳಕೊಂಡು ಬಂದು ಕೂತೆ. ಮಾಳಮ್ಮ ಬಂದು ಮಗ್ಗಲಕ ಕೂತ್ಲು. ನಾತ ಅಕಿ ಸಂಗಾಟ ಬಂತು.

ಅಂಗಾಲು ಎತ್ತಿದೆ. ಜಾಲಿಮುಳ್ಳು ಮುರದು ಒಳಗ ಕೂತಿತ್ತು, ಸುತ್ತೂ ಕರ್ರಗಾಗಿತ್ತು. ಅಕಿ ನನ್ನ ಮಾರಿ ನೋಡಿ, "ಏನಾತಪ್ಪಾ? ನನಗೇನೂ ಆಗಿಲ್ಲ" ಅಂದ್ಲು.

ದವಾಖಾನ್ಯಾಗ ಡಾಕ್ಟ್ರು ಕೇಳಿದ್ರು, "ನೋವಾಗ್ಲಿಲ್ಲೇನವ್ವಾ?"

"ಇಲ್ಲರಿ. ಈ ಚಾದರ ಚುಚ್ಚಾಕತ್ತದ, ತೆಗೀರಿ."

ಅವರು ನನ್ನ ಹೊರಗ ಕರಕೊಂಡು ಹೋಗಿ ಹೇಳಿದ್ರು, "ಎರಡು ದಿನ ತಡಾ ಮಾಡಿದ್ರ ಬೆರಳು ತೆಗೀಬೇಕಾಗ್ತಿತ್ತು. ಇದು ಹಟ ಅಲ್ಲ, ಕೆಲವು ಮಕ್ಕಳಿಗಿ ಸ್ಪರ್ಶ ಹಿಂಗ ಇರ್ತದ. ಸಣ್ಣ ಹೊಲಿಗಿ ಬೆಂಕಿ ಹತ್ತಿದಂಗ ಆಗ್ತದ, ದೊಡ್ಡ ಮುಳ್ಳು ಗೊತ್ತೇ ಆಗಂಗಿಲ್ಲ. ಇಕಿ ಬರಿಗಾಲೀಲೆ ತಿರಗಬಾರ್ದು." ಅವತ್ತ ಕೂತ ಅಂಜಿಕಿ ಇನ್ನೂ ಇಳದಿಲ್ಲರಿ.

ಎಷ್ಟೋ ಅಂಗಡಿ ತಿರಗಿದೆ. ಹೊಲಿಗಿ ಇಲ್ದ ಬೂಟು ಕೊಡ್ರಿ ಅಂದ್ರ ನಕ್ರು. ಕಡೀಗಿ ಸುರಪುರದ ಮಸ್ತಾನಸಾಬ ಸಿಕ್ಕ. ಹಿಂದಕ ಟಾಂಗಾ ಕುದುರಿಗಿ ಜೀನು ಹೊಲೀತಿದ್ದ, ಈಗ ಬೆಲ್ಟು, ಚೀಲ ಹೊಲೀತಾನ. ಎಲ್ಲಾ ಕೇಳಿ ಅಂದ, "ಮಲ್ಕಪ್ಪಣ್ಣ, ಜೀನಿನ ಹೊಲಿಗಿ ಒಳಗ ಬಂದ್ರ ಕುದುರಿ ಮಾತಾಡಂಗಿಲ್ಲ, ಒದೀತದ. ನಿನ್ನ ಮಗಳು ಬಾಯಿಬಿಟ್ಟು ಹೇಳ್ಯಾಳ, ನೀ ಏಟು ಹಾಕಿದಿ. ಹೊಲಿಗಿ ಹೊರಗ ಹಾಕೂಣು ತಗೋ." ಮೆತ್ತಗಿನ ಕುರಿ ಚರ್ಮದಾಗ ಮಾಡಿದ. ಮಾಳಮ್ಮ ಮೊದ್ಲ ಕೈ ಹಾಕಿದ್ಲು, ಆಮ್ಯಾಲ ಗಲ್ಲ ಇಟ್ಟು ನೋಡಿದ್ಲು, "ಇಲ್ಲೊಂದು ಇರುವಿ ಉಳದದ" ಅಂದ್ಲು. ಮಸ್ತಾನಸಾಬ ಚಷ್ಮಾ ಏರಿಸಿ ಹುಡುಕಿದ. ಸಾಸಿವಿ ಕಾಳಿನಷ್ಟು ದಾರದ ಗಂಟು! "ಇಕಿ ನನ್ನ ಉಸ್ತಾದ್ ಇದ್ದಾಂಗ ಅದಾಳ" ಅಂತ ನಕ್ಕು ಗಂಟು ಬಿಚ್ಚಿದ. ಹದಿಮೂರು ವರ್ಷದಾಗ ನನ್ನ ಮಗಳು ಮೊದಲ್ನೇ ಸಲ ಕಾಲಾಗ ಬೂಟು ಹಾಕ್ಕೊಂಡು ಬಸ್ಸಿಳದು ಮನಿತನ ನಡದ್ಲು. ನಾ ಹಿಂದಿಂದ ಅಕಿ ಹೆಜ್ಜಿ ಸಪ್ಪಳ ಕೇಳ್ಕೋಂತ ಬಂದೆ.

ಮರುದಿನ ಗೇಟಿನ್ಯಾಗ ಹೆಡ್ ಮಾಸ್ತರ್ ಭಗವಂತರಾಯರು ತಡದ್ರು. ಕೆಟ್ಟ ಮನಷ್ಯಾ ಅಲ್ಲರಿ, ನಿಮಗ ಅಂಜ್ತಾರ. "ಮಲ್ಕಪ್ಪ, ಹರಕಿ ಅಂದ್ರ ಬರಿಗಾಲೀಲೆ ಬಿಡ್ತೇನಿ, ಅದಕ್ಕ ನನ್ನ ಹಂತೇಕ ಬರದದ್ದು ಅದ. ಈ ಕೆಂದ ಬೂಟಿಗಿ ಯಾವ ಕಾಗದ ತೋರಸ್ಲಿ?" ಡಾಕ್ಟರ್ ಚೀಟಿ ಕೊಟ್ಟೆ, ನಿಮ್ಮ ಆಫೀಸಿಗಿ ಕಳಿಸಿದ್ರು. ‘ಸೂಕ್ತ ಕ್ರಮಕ್ಕಾಗಿ ಪರಿಶೀಲನೆಯಲ್ಲಿದೆ’ ಅಂತ ಉತ್ತರ ಬಂದು ನಾಕು ತಿಂಗಳಾತು. ಎಂಥಾ ಛಲೋ ಕಾನೂನು ನೋಡ್ರಿ! ಸುಳ್ಳಿಗಿ ವಿನಾಯಿತಿ ಅದ, ಖರೇಕ್ಕ ಪರಿಶೀಲನಾ. ಕಾಲು ಶಿಸ್ತಿನ್ಯಾಗ ಇರಬೇಕೋ, ಮೈಯಾಗ ಇರಬೇಕೋ, ಅಷ್ಟು ಹೇಳ್ರಿ.

ಈಗ ದಿನಾ ಸಂಜಿಗಿ ಮೊದ್ಲ ಮಗಳ ಅಂಗಾಲು, ಆಮ್ಯಾಲ ಕುರಿ. ನಿನ್ನಿ ಹಿಮ್ಮಡದಾಗ ಗಾಜಿನ ಚೂರು ಸಿಕ್ತು. ಬರೂ ತಿಂಗಳ ನಾನೂ ನಮ್ಮನಿಯಾಕಿನೂ ಕುರಿ ಹೊಡಕೊಂಡು ಕೃಷ್ಣಾ ದಂಡಿಗಿ ಹೋಗಬೇಕು, ಎರಡು ತಿಂಗಳು. ಮಾಳಮ್ಮ ನಮ್ಮವ್ವನ ಹಂತೇಕ ಇರ್ತಾಳ. ಅವ್ವನ ಕಣ್ಣು ಮಂಜು. ಅಂಗಾಲು ಯಾರು ನೋಡ್ತಾರ? ಅಕಿ ತಾನಾಗಿ ಹೇಳಂಗಿಲ್ಲ. ಮುಚ್ಚಿಡೂ ಹುಡುಗಿ ಅಲ್ಲ, ಅಕಿಗೇ ಗೊತ್ತಿರಂಗಿಲ್ಲ.

ಅದಕ್ಕ ನಾ ಕೇಳೂದು ಇಷ್ಟೇ. ನಾವು ಹೊಂಡೂದ್ರಾಗ ಒಂದು ಸಾಲು ಬರದು ಕಳಸ್ರಿ, ಮಾಳಮ್ಮಗ ಅಕಿ ಬೂಟು ಹಾಕ್ಕೊಂಡು ಒಳಗ ಬಿಡ್ರಿ ಅಂತ. ಆ ಹರಕಿ ಅಂಬೂದು ಹೊಡದು ಹಾಕ್ರಿ, ಸುಳ್ಳಿನ ತಪ್ಪು ನನ್ನ ಹೆಸರಿಗಿ ಬರೀರಿ. ಅನುಮಾನ ಇದ್ರ ಖುದ್ದು ಬರ್ರಿ, ಬೂಟಿನೊಳಗ ಕೈ ಹಾಕಿ ನೋಡ್ರಿ, ಆಮ್ಯಾಲ ನಿಮ್ಮ ಕರಿ ಶೂದಾಗೂ ಹಾಕಿ ನೋಡ್ರಿ.

ಇದು ಮಾತಾಡೂದು ಕೇಳಿ ಮಾಳಮ್ಮ ಈಗ ಮಗ್ಗಲಕ ಬಂದು ಅಂದ್ಲು, "ಅಪ್ಪಾ, ನೀ ಅಂಜಬ್ಯಾಡ, ನನಗೇನೂ ಆಗಿಲ್ಲ." ಸಾಹೇಬ್ರೇ, ಕಾಲು ಕೊಳತಾಗೂ ಅಕಿ ಹಿಂಗೇ ಅಂದಿದ್ಲು.

ಇಂತಿ,
ನಲವತ್ತು ಕುರಿ ಕಾಲು ನೋಡಿ ಕಡೀಗಿ ಮಗಳ ಕಾಲು ನೋಡಿದ
ಮಲ್ಕಪ್ಪ, ಬಳಿಚಕ್ರ